ಅಕ್ಕನ ಮೂಗಿಗೆ ಮೂರು ಸ್ಪ್ರೇ

ಅಪ್ಪ ನಮಗೆ ಬಿಟ್ಟುಹೋದದ್ದು ಎರಡು. ಒಂದು, ಮಾಸೂರಿನಲ್ಲಿ ಮದಗದ ಕೆರೆಯ ನೀರು ಹಾಯುವ ಹೊಲ. ಇನ್ನೊಂದು, ಮೂಗು. ಹೊಲವನ್ನು ನಾವು ಮೂವರೂ ಇಂದಿಗೂ ಭಾಗ ಮಾಡಿಕೊಂಡಿಲ್ಲ. ಮೂಗು ಮಾತ್ರ ಹುಟ್ಟುವಾಗಲೇ ಮೂವರಿಗೂ ಸಮಪಾಲಾಗಿ ಬಂದುಬಿಟ್ಟಿದೆ. ಉದ್ದನೆಯದು, ತುದಿಯಲ್ಲಿ ಕೆಂಪು, ಗಾಳಿ ಸ್ವಲ್ಪ ತಿರುಗಿದರೆ ಸಾಕು ಸೋರಲು ಸಿದ್ಧ.

ಮೂವರಲ್ಲಿ ಹಿರಿಯಳು ಅಕ್ಕ. ಹಾನಗಲ್ಲಿಗೆ ಮದುವೆಯಾಗಿ ಹೋದವಳು, ಈಗ ಮೊಮ್ಮಕ್ಕಳ ಜುಟ್ಟು ಕಟ್ಟುತ್ತಿದ್ದಾಳೆ. ನಡುವಿನವನು ಅಣ್ಣ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾಗಿ ಶಿಗ್ಗಾವಿಯಲ್ಲಿ ಮನೆ ಮಾಡಿದ್ದಾನೆ. ಪಕ್ಕದಲ್ಲಿ ಕೂತವರ ಜೊತೆಗೂ ಬಸ್ಸಿನ ಹಿಂದಿನ ಸೀಟಿಗೆ ಕೇಳುವ ಹಾಗೆ ಮಾತಾಡುತ್ತಾನೆ. ಕಿರಿಯವನು ನಾನು. ಹಿರೇಕೆರೂರಿನಲ್ಲಿ ಗೋವಿನಜೋಳದ ದಲಾಲಿ ಅಂಗಡಿ ಇಟ್ಟಿದ್ದೇನೆ. ಇಂಥ ಮೂಗು ಇಟ್ಟುಕೊಂಡವನು ಮಾಡಬಾರದ ವ್ಯಾಪಾರ ಯಾವುದಾದರೂ ಇದ್ದರೆ ಅದು ಇದೇ. ಚೀಲ ಸುರಿದಾಗ ಏಳುವ ಹೊಟ್ಟಿನ ಧೂಳು ಒಮ್ಮೆ ಒಳಗೆ ಹೋದರೆ ನನ್ನ ಸೀನು ಶುರುವಾಗುತ್ತದೆ. ನಮ್ಮ ಕಡೆ ವ್ಯವಹಾರದ ನಡುವೆ ಒಂಟಿ ಸೀನು ಬಂದರೆ ಮಾತು ಮುಂದುವರಿಸುವುದಿಲ್ಲ. ರೈತರು ಕೈ ಹಿಂದಕ್ಕೆಳೆದು, "ತಡೀರಿ, ಸಾವ್ಕಾರ್ರು ಇನ್ನೊಂದು ಸೀನ್ಲಿ" ಎಂದು ಕಾಯುತ್ತಾರೆ. ನನ್ನ ವಿಷಯದಲ್ಲಿ ಆ ತೊಂದರೆ ಬಂದಿಲ್ಲ. ನಾನು ಒಂದಕ್ಕೆ ನಿಲ್ಲಿಸಿದವನೇ ಅಲ್ಲ.

ಆದರೆ ಈ ಬರಹ ನನ್ನ ಮೂಗಿನದಲ್ಲ, ಅಕ್ಕನ ಮೂಗಿನದು.

ಸೀಗಿ ಹುಣ್ಣಿಮೆಯ ದಿನ ನಾವು ಹೊಲಕ್ಕೆ ಊಟ ಕಟ್ಟಿಕೊಂಡು ಹೋಗುತ್ತೇವೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಕೂಡಿಸಿ ಪೂಜೆ ಮಾಡಿ, ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ನಡುವೆ ಚೆಲ್ಲುತ್ತಾ ಬರುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಿರಿಯರ ಮಾತು. ಆಕೆಗೆ ಮುಟ್ಟುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಮಕ್ಕಳಿಗೂ ಒಂದು ಚೂರು ಕೊಡುವುದಿಲ್ಲ, ಅಡುಗೆ ಮಾಡಿದವಳೂ ರುಚಿ ನೋಡುವ ಹಾಗಿಲ್ಲ.

ಹಾಗಾದರೆ ಉಪ್ಪು ಖಾರ ಗೊತ್ತಾಗುವುದು ಹೇಗೆ? ನಮ್ಮ ಮನೆಯಲ್ಲಿ ಅದಕ್ಕೆ ಅಕ್ಕನ ಮೂಗು ಇತ್ತು. ಅವ್ವ ಹೋದ ಮೇಲೆ ಚರಗದ ಅಡುಗೆ ಅಕ್ಕನ ಕೈಗೆ ಬಂತು. ಹೊಲ ಹತ್ತಿರವೆಂದು ಪ್ರತಿವರ್ಷ ಹಿಂದಿನ ದಿನವೇ ಹಾನಗಲ್ಲಿನಿಂದ ನಮ್ಮ ಮನೆಗೆ ಬಂದು, ಬೆಳಗಾಗುವ ಮುಂಚೆ ಒಲೆಯ ಮುಂದೆ ಕೂರುತ್ತಾಳೆ. ಎಣ್ಣೆಗಾಯಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡು, "ಉಪ್ಪು ಒಂದ್ ಚಿಟಿಕಿ ಕಡಿಮಿ ಆಗೈತಿ" ಎನ್ನುತ್ತಾಳೆ. ಒಂದು ಚಿಟಿಕೆ ಹಾಕಿ ಕೈಯಾಡಿಸಿ, ನಮ್ಮನ್ನೆಲ್ಲ ಅಡುಗೆಮನೆಯಿಂದ ಹೊರಗೆ ಅಟ್ಟುತ್ತಾಳೆ. ಹೊಲದಲ್ಲಿ ಎಲೆ ಹಾಕಿ ಉಂಡರೆ ಉಪ್ಪು ತೂಗಿ ಹಾಕಿದಂತೆ ಇರುತ್ತಿತ್ತು. ನನ್ನ ಹೆಂಡತಿ, ಬೇರೆಯವರ ಅಡುಗೆಯನ್ನು ಸುಲಭಕ್ಕೆ ಹೊಗಳದವಳು, ತನ್ನ ತವರಿನಲ್ಲೂ ಹೇಳಿಕೊಂಡು ಬಂದಿದ್ದಳು: "ನಮ್ಮ ನಾದ್ನಿಗೆ ಉಪ್ಪಿನ ವಾಸನಿ ಗೊತ್ತಾಕ್ಕೈತಿ."

ಆ ಮೂಗು ಹೋಯಿತು. ಒಂದೇ ದಿನ ಹೋದದ್ದಲ್ಲ. ಕೆಲವು ವರ್ಷಗಳಿಂದ ಕಟ್ಟುತ್ತಿತ್ತು, ಬಿಡುತ್ತಿತ್ತು. ಎರಡು ವರ್ಷದ ಹಿಂದಿನ ಸೀಗಿ ಹುಣ್ಣಿಮೆಯ ಬೆಳಿಗ್ಗೆ ಪೂರ್ತಿ ಗೊತ್ತಾಯಿತು. ಅಕ್ಕ ಬಾಣಲೆಯಲ್ಲಿ ಚಟ್ನಿಗೆ ಗುರೆಳ್ಳು ಹುರಿಯುತ್ತಿದ್ದಳು. ಗುರೆಳ್ಳು ಕಪ್ಪು ಕಾಳು, ಹದವಾಗಿದೆಯೋ ಸೀದಿದೆಯೋ ಕಣ್ಣಿಗೆ ತಿಳಿಯುವುದಿಲ್ಲ, ಮೂಗಿಗೇ ತಿಳಿಯಬೇಕು. ನಾನು ಹೊರಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವನಿಗೆ ಸೀದ ವಾಸನೆ ಬಂತು. ಹೆಂಡತಿ ಓಡಿದಳು, ನಾನೂ ಓಡಿದೆ. ಹೊಗೆಯ ನಡುವೆ ಅಕ್ಕ ಕೂತು ನಿಧಾನಕ್ಕೆ ಸೌಟು ಆಡಿಸುತ್ತಾ ಮೊಮ್ಮಗಳ ಸುದ್ದಿ ಹೇಳುತ್ತಿದ್ದಳು. ಅವಳ ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ. ಬಾಣಲೆಯನ್ನು ಹೆಂಡತಿಯೇ ಇಳಿಸಿದಳು.

ಬೇರೆ ಗುರೆಳ್ಳು ಹುರಿಯಲು ಹೊತ್ತಿರಲಿಲ್ಲ. ಅದರ ಚಟ್ನಿಯನ್ನೇ ಕಟ್ಟಿಕೊಂಡು ಹೋದೆವು. ಹೊಲದಲ್ಲಿ ಎಲ್ಲರೂ ಕಹಿ ನುಂಗಿಕೊಂಡು ಬಾಯಿ ಮುಚ್ಚಿ ಉಂಡೆವು. ಬದನೆಕಾಯಿಗೆ ಉಪ್ಪು ಮಾತ್ರ ಎಂದಿನಂತೆ ಸರಿಯಾಗಿತ್ತು. ಅದನ್ನೇ ಹಿಡಿದುಕೊಂಡು, "ಎಣ್ಣಿಗಾಯಿ ನೋಡಕ್ಕಾ, ಉಪ್ಪು ಹೆಂಗ ಹತ್ತೈತಿ!" ಎಂದು ಸಮಾಧಾನ ಮಾಡಿದೆವು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಬುಟ್ಟಿ ಕಟ್ಟುವಾಗ ಹೇಳಿದಳು: "ನನ್ನ ಮೂಗು ಸತ್ತೈತಿ ತಮ್ಮಾ. ಬರೂ ವರ್ಷ ನಾ ಒಲಿ ಮುಂದ ಕುಂದ್ರಂಗಿಲ್ಲ. ಭೂಮಿತಾಯಿಗೆ ಸೀದದ್ದು ಉಣಸಾಕ ನಾ ಯಾಕ ಬೇಕು?"

ಹೇಳಿದಂತೆಯೇ ಮಾಡಿದಳು. ಮರುವರ್ಷ ಬರಲೇ ಇಲ್ಲ. ಕಾಲುನೋವು ಎಂದು ಹೇಳಿಕಳಿಸಿದಳು. ಅಡುಗೆಯನ್ನು ಹೆಂಡತಿ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಆದರೆ ಅಣ್ಣ ಅರ್ಧಕ್ಕೆ ಎದ್ದು ಬದುವಿನ ಮೇಲೆ ಹೋಗಿ ಕೂತ. ಅಕ್ಕ ಇಲ್ಲದ ಚರಗ ನಮಗಿಬ್ಬರಿಗೂ ಬೇಕಾಗಿರಲಿಲ್ಲ. ಅವಳ ಮೂಗು ತಿರುಗಿ ಬರಬೇಕು, ಅವಳು ತಿರುಗಿ ಒಲೆಯ ಮುಂದೆ ಕೂರಬೇಕು. ಸ್ಪ್ರೇಗಳ ಹಿಂದೆ ಬಿದ್ದದ್ದು ಅದಕ್ಕೇ.

ಮೊದಲು ತಂದವನು ಅಣ್ಣ. ಶಿಗ್ಗಾವಿಯ ಒಬ್ಬ ಡಾಕ್ಟರರು ಅವನಿಗೆ ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರು. ಅಕ್ಕನಿಗೆ ಹಾನಗಲ್ಲಿನವರು ಫ್ಲುಟಿಕಾಸೋನ್ ಎಂಬ ಇನ್ನೊಂದನ್ನು ಬರೆದರು. ನಾನು ಯಾವ ಡಾಕ್ಟರರನ್ನೂ ಕೇಳದೆ, ಔಷಧದ ಅಂಗಡಿಯ ಕಟ್ಟೆಗೆ ಒರಗಿ ನಿಂತು, "ಮೂಗು ಲಗೂ ಬಿಡೂವಂಥದ್ದು ಕೊಡ್ರಿ" ಎಂದು ಇನ್ನೊಂದು ಬಾಟಲಿ ತಂದುಕೊಂಡಿದ್ದೆ. ಮೂವರಿಗೆ ಮೂರು ಊರು, ಮೂರು ಬಾಟಲಿ. ಚಿಕ್ಕಂದಿನಲ್ಲಿ ಯಾರ ರೊಟ್ಟಿ ದೊಡ್ಡದು ಎಂದು ಅಳತೆ ಮಾಡುತ್ತಿದ್ದವರು ನಾವು. ಬಾಟಲಿಗಳನ್ನು ಹೋಲಿಸದೆ ಬಿಡುವುದುಂಟೇ?

ಯುಗಾದಿ ಮುಗಿದ ಮೇಲೆ ಶಿಗ್ಗಾವಿಯ ಅಣ್ಣನ ಮನೆಯಲ್ಲಿ ಸೇರಿ ಪರೀಕ್ಷೆಗೆ ಕೂತೆವು. ಮೂರು ಬಾಟಲಿಗಳನ್ನೂ ಚಹಾದ ಕಪ್ಪಿನ ಪಕ್ಕ ಸಾಲಾಗಿ ಇಟ್ಟು, ಒಬ್ಬರದನ್ನು ಒಬ್ಬರು ಹಾಕಿಕೊಂಡು ನೋಡಿದೆವು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆಗ ಅದು ತುಂಬಾ ಶಾಸ್ತ್ರೀಯವಾದ ಕೆಲಸ ಎನ್ನಿಸಿತ್ತು.

ಅಕ್ಕನ ಬಾಟಲಿಯ ಔಷಧಕ್ಕೆ ಹೂವಿನ ಪರಿಮಳವಿತ್ತು, ಗುಲಾಬಿಯ ಹತ್ತಿರದ್ದು. ನಾನು, "ಇದೇನಕ್ಕಾ, ಮದುವಿ ಮನ್ಯಾಗ ಪನ್ನೀರು ಚಿಮುಕಿಸಿದಂಗ ಐತಲ್ಲ!" ಎಂದೆ. ಅಕ್ಕ ಬಾಟಲಿಯನ್ನು ತಿರುಗಿಸಿ ನೋಡಿ, "ಹೌದೇನು? ದಿನಾ ಹಾಕ್ಕೋತೇನಿ, ನನಗೇನೂ ಬಡದಿಲ್ಲ ನೋಡು" ಎಂದಳು. ನಾನು ಯಾಕಾದರೂ ಆ ಮಾತು ಎತ್ತಿದೆನೋ ಎನ್ನಿಸಿತು. ಅದು ಮೂಗಿನಿಂದ ಗಂಟಲಿಗೆ ಇಳಿದು ಕಹಿಯಾಗುತ್ತದೆ ಎಂಬುದು ಅವಳ ದೂರು. ಅಣ್ಣನದಕ್ಕೆ ಯಾವ ವಾಸನೆಯೂ ಇರಲಿಲ್ಲ, ತೆಳ್ಳಗೆ ಮಂಜಿನ ಹಾಗೆ ಬರುತ್ತಿತ್ತು. ಅದು ಒಳ್ಳೆಯ ಗುಣವೆಂದು ನಾನು ತಿಳಿದರೆ ಅಣ್ಣ ಅದನ್ನೇ ಹಿಡಿದು ಬೈದ: "ಬರೇ ನೀರು ತುಂಬ್ಯಾರ! ವಾಸನಿ ಇಲ್ಲ, ಖಾರ ಇಲ್ಲ, ಹಾಕ್ಕೊಂಡದ್ದ ಗೊತ್ತಾಗಂಗಿಲ್ಲ. ಮ್ಯಾಲ ನೆತ್ತರ ಬರ್ತೈತಿ." ನಿಜ, ಅವನ ಕರವಸ್ತ್ರದಲ್ಲಿ ಆಗಾಗ ರಕ್ತದ ಕಲೆ ಕಾಣುತ್ತಿತ್ತು.

ಕೊನೆಗೆ ನನ್ನ ಬಾಟಲಿ. ಒಂದೊಂದು ಸಲ ಒತ್ತಿದ್ದೇ ತಡ, ಮೂವರ ಮೂಗೂ ಹೊಸ ಮನೆಯ ಕಿಟಕಿಯಂತೆ ತೆರೆದುಕೊಂಡವು. ಅಣ್ಣ ತೊಡೆ ತಟ್ಟಿ, "ಇದು ನೋಡು ಔಷಧ!" ಎಂದು ಕೂಗಿದ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ನನ್ನ ಬಾಟಲಿಗೆ ಮೊದಲ ಬಹುಮಾನ ಎಂದು ಮೂವರೂ ಒಪ್ಪಿದೆವು. ಅಣ್ಣ ಅಲ್ಲಿಯೇ ಇನ್ನೆರಡು ತರಿಸಿ ಒಂದನ್ನು ಅಕ್ಕನ ಚೀಲಕ್ಕೆ ಹಾಕಿದ.

ಬಹುಮಾನದ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಬರುಬರುತ್ತಾ ನನ್ನ ಮೂಗು ಆ ಬಾಟಲಿ ಇಲ್ಲದೆ ತೆರೆಯುವುದನ್ನೇ ಬಿಟ್ಟಿತು. ಹಾಕಿದರೆ ಸ್ವಲ್ಪ ಹೊತ್ತು ಬಿಡುತ್ತಿತ್ತು, ಆಮೇಲೆ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿತ್ತು. ಅಂಗಡಿಗೆ, ಬಚ್ಚಲಿಗೆ, ಮದುವೆಗೆ, ಎಲ್ಲಿ ಹೋದರೂ ಅಂಗಿಯ ಜೇಬಿನಲ್ಲಿ ಅದು. ಅಣ್ಣನದೂ ಅದೇ ಕಥೆ. ಅಕ್ಕ ಮಾತ್ರ ಬುದ್ಧಿವಂತೆ. ಒಂದೆರಡು ಸಲ ಹಾಕಿ, "ಮೂಗು ಬಿಟ್ಟರೇನ್ ಬಂತು, ವಾಸನಿ ಬರ್ಲಿಲ್ಲ" ಎಂದು ಅದನ್ನು ಕಪಾಟಿನ ಮೂಲೆಗೆ ತಳ್ಳಿ, ತನ್ನ ಹೂವಿನ ಬಾಟಲಿಗೇ ತಿರುಗಿದ್ದಳು. ಅದೂ ಮನಸ್ಸು ಬಂದ ದಿನ ಮಾತ್ರ. ನಾದಿನಿ ಯಾರೋ, "ಸ್ಟೆರಾಯ್ಡ್ ಅಂದ್ರ ಮುಖ ಉಬ್ಬತೈತಿ" ಎಂದು ಹೆದರಿಸಿದ್ದಳಂತೆ. ದಿನಕ್ಕೊಮ್ಮೆ ಕನ್ನಡಿಯಲ್ಲಿ ಗಲ್ಲ ಹಿಂಡಿ ನೋಡಿಕೊಳ್ಳುತ್ತಿದ್ದಳು.

ಶ್ರಾವಣ ಬಂದರೂ ಅವಳ ಮೂಗಿಗೆ ಊದಿನಕಡ್ಡಿಯ ವಾಸನೆಯೂ ಬಡಿಯಲಿಲ್ಲ. ಸೀಗಿ ಹುಣ್ಣಿಮೆ ಹತ್ತಿರ ಬರುತ್ತಿತ್ತು. ಆಗ ಅಣ್ಣ ಸವಣೂರಿಗೆ ವಾರಕ್ಕೊಮ್ಮೆ ಬರುವ ಕಿವಿ ಮೂಗಿನ ಡಾಕ್ಟರರ ಸುದ್ದಿ ತಂದ. ಮೂವರೂ ಹೋಗುವುದೆಂದಾಯಿತು. ನಾನು ಹಿರೇಕೆರೂರಿನಿಂದ ಬಸ್ಸು ಬದಲಿಸುತ್ತಾ ಹೊರಟು ಸವಣೂರು ಮುಟ್ಟುವಷ್ಟರಲ್ಲಿ ಅವರಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಜಗಳಾಡುತ್ತಿದ್ದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಧಾರವಾಡದ ಕಡೆಯವರು. ಅಕ್ಕನ ಮೂಗಿನೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಒಳಗ ಗಡ್ಡಿ ಏನೂ ಬೆಳದಿಲ್ರೀ ಅಕ್ಕಾರ, ಭಾಳ ಬಾತೈತಿ ಅಷ್ಟ. ಅಲರ್ಜಿ ಐತಿ" ಎಂದರು. ಅಣ್ಣ ಇದಕ್ಕೇ ಕಾಯುತ್ತಿದ್ದವನಂತೆ ಮೂರು ಬಾಟಲಿಗಳನ್ನೂ ಮೇಜಿನ ಮೇಲೆ ಇಟ್ಟು, "ಮೇಡಮ್ಮಾರ, ಮೂರರಾಗ ಯಾವುದು ಛಲೋ, ಒಂದ ಮಾತ್ನ್ಯಾಗ ಹೇಳಿಬಿಡ್ರಿ" ಎಂದ.

ಅವರು ಮೊದಲು ನನ್ನ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟರು. "ಇದು ಈ ಪಂಕ್ತಿದಲ್ರೀ. ಇದು ಸ್ಟೆರಾಯ್ಡ್ ಅಲ್ಲ, ಸ್ವಲ್ಪ ಹೊತ್ತು ಮೂಗು ಬಿಡಸ್ತೈತಿ ಅಷ್ಟ. ಭಾಳ ದಿನ ಹಾಕ್ಕೊಂಡ್ರ ಇದ ಮೂಗು ಕಟ್ಟಸ್ತೈತಿ. ಯಾರ್ದಿದು?" ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅಣ್ಣ, ತೊಡೆ ತಟ್ಟಿ ಬಹುಮಾನ ಕೊಟ್ಟ ಮಹಾರಾಯ, ಬೆರಳಿನಿಂದ ನನ್ನನ್ನು ತೋರಿಸಿದ.

ಉಳಿದೆರಡು ಅಕ್ಕತಂಗಿಯರಿದ್ದ ಹಾಗೆ ಎಂದರು ಅವರು. ಗುಣದಲ್ಲಿ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಪರಿಮಳ, ಇನ್ನೊಂದಕ್ಕಿಲ್ಲ. ಒಂದು ಸ್ವಲ್ಪ ಹೆಚ್ಚು ಹಸಿ, ಇನ್ನೊಂದು ತೆಳು. ಯಾರಿಗೆ ಯಾವುದು ಹಿತವೋ ಅದನ್ನು ಬಳಸಬಹುದು. ಔಷಧ ಬಹುಪಾಲು ಮೂಗಿನಲ್ಲೇ ಕೆಲಸ ಮಾಡುವುದರಿಂದ ಹೇಳಿದಷ್ಟೇ ಹಾಕಿಕೊಂಡರೆ ಮುಖ ಉಬ್ಬುವ ಭಯ ಬೇಡ. ಆದರೆ ಇದು ಒತ್ತಿದ ತಕ್ಷಣ ತೆರೆಯುವ ಬಾಗಿಲಲ್ಲ, ದಿನಾ ತಪ್ಪದೆ ಹಾಕುತ್ತಾ ಹೋದರೆ ಬಾವು ನಿಧಾನಕ್ಕೆ ಇಳಿಯುತ್ತದೆ. "ಅದಿರ್ಲಿ, ಹೆಂಗ ಹಾಕ್ಕೋತೀರಿ, ಒಮ್ಮೆ ತೋರಸ್ರಿ" ಎಂದರು.

ಅಕ್ಕ ಬಾಟಲಿ ಹಿಡಿದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಮುಖವನ್ನು ಮಾಳಿಗೆಗೆ ಮಾಡಿ, ಬಾಟಲಿಯನ್ನು ನೇರವಾಗಿ ಏರಿಸಿ ಒತ್ತಿ, ಸರ್‍ರೆಂದು ನೆತ್ತಿಗೆ ಎಳೆದಳು. ಆಮೇಲೆ ಕಣ್ಣು ಮುಚ್ಚಿ ಕಾಯುತ್ತಾ ಕೂತಳು.

"ಏನ್ ಕಾಯಾಕತ್ತೀರಿ?" ಡಾಕ್ಟರು ಕೇಳಿದರು.

"ಸೀನು ಬರ್ಬೇಕಲ್ರೀ. ಸೀನು ಬಂದ್ರ ಔಷಧ ಹತ್ತಿತು ಅಂತ."

ಡಾಕ್ಟರು ಅಣ್ಣನ ಕಡೆ ನೋಡಿದರು. ಅಣ್ಣನೂ ಅಷ್ಟೇ, ಮುಖ ಮಾಳಿಗೆಗೆ, ಸರ್‍ರ್. ನಾನು ತೋರಿಸುವ ಅಗತ್ಯ ಬೀಳಲಿಲ್ಲ. ಅವರಾಗಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. "ನಿಮ್ಮ ಮನ್ಯಾಗ ನಶ್ಯಾ ಏರಸೂದು ಯಾರಿಗೆ ರೂಢಿ ಇತ್ರೀ?"

ನಮ್ಮ ಅಪ್ಪನಿಗಿತ್ತು. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು, ಹಿತ್ತಾಳೆಯ ಸಣ್ಣ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ತಟ್ಟಿ, ಒಂದು ಚಿಟಿಕೆ ನಶ್ಯ ತೆಗೆದು, ತಲೆ ಹಿಂದಕ್ಕೆ ಮಾಡಿ ಸರ್‍ರೆಂದು ಏರಿಸುತ್ತಿದ್ದ. ಓಣಿಗೆ ಕೇಳುವ ಹಾಗೆ ಸೀನಿ, "ಹಾಂ! ತಲಿ ಹಗುರಾತು" ಎನ್ನುತ್ತಿದ್ದ. ನಾವು ಮೂವರೂ ಮಣ್ಣಿನ ಪುಡಿ ಇಟ್ಟುಕೊಂಡು ಅದನ್ನೇ ಆಟವಾಡಿದ್ದೆವು. ಮೂಗಿಗೆ ಏನನ್ನೇ ಹಾಕಿದರೂ ಹೀಗೇ ಹಾಕಬೇಕೆಂದು ನಮ್ಮ ಮೈ ಕಲಿತುಬಿಟ್ಟಿತ್ತು. ಔಷಧ ಮೂಗಿನಲ್ಲಿ ನಿಲ್ಲುವ ಬದಲು ಗಂಟಲಿಗೆ ಇಳಿಯುತ್ತಿತ್ತು, ಉಳಿದದ್ದನ್ನು ಸೀನಿ ಹೊರಗೆ ಹಾಕುತ್ತಿದ್ದೆವು. ನೇರಕ್ಕೆ ನಡುವಿನ ಗೋಡೆಗೇ ಹೊಡೆದುಕೊಂಡು ಅಣ್ಣ ರಕ್ತ ಬರಿಸಿಕೊಳ್ಳುತ್ತಿದ್ದ. ಅಷ್ಟು ತಿಂಗಳ ನಮ್ಮ ಹೋಲಿಕೆ, ವಾದ, ಬಹುಮಾನ ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಒಂದು ಸ್ಪ್ರೇಯನ್ನೂ ನಾವು ಸ್ಪ್ರೇ ಹಾಗೆ ಹಾಕಿಕೊಂಡಿರಲಿಲ್ಲ.

ಡಾಕ್ಟರು ಕಲಿಸಿದರು. ಸಿಂಬಳ ಸೀಟಿ ಮೂಗು ಹಗುರ ಮಾಡಿಕೊಳ್ಳಬೇಕು. ಬಾಟಲಿ ಅಲ್ಲಾಡಿಸಬೇಕು. ತಲೆ ಮುಂದಕ್ಕೆ ಸ್ವಲ್ಪ ಬಗ್ಗಿಸಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ಆಗ ಬಾಟಲಿಯ ತುದಿ ತಾನಾಗಿ ಹೊರಗೋಡೆಯ ಕಡೆ ತಿರುಗುತ್ತದೆ. ಒತ್ತುವಾಗ ಹೂವು ಮೂಸುವಷ್ಟೇ ಮೆಲ್ಲಗೆ ಉಸಿರೆಳೆಯಬೇಕು. "ಮತ್ತ ಒಬ್ಬರ ಬಾಟ್ಲಿ ಒಬ್ಬರು ಮುಟ್ಟಬಾರ್ದು. ಇದೇನ್ ಉಪ್ಪಿನಕಾಯಿ ಡಬ್ಬಿ ಅಲ್ರೀ ಪಂಕ್ತಿ ಮ್ಯಾಲ ತಿರುಗಸಾಕ." ನನ್ನ ಬಾಟಲಿಯನ್ನು ಬಿಡಿಸಿ ಬೇರೆ ಬರೆದುಕೊಟ್ಟರು. ಅಕ್ಕನಿಗೆ ಅವಳದೇ ಹೂವಿನ ಬಾಟಲಿ ಇರಲಿ ಎಂದರು.

ಅಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡು ಕೇಳಿದಳು: "ವಾಸನಿ ಬರ್ತೈತೇನ್ರಿ, ಮೇಡಮ್ಮಾರ?"

"ಬರಬಹುದ್ರಿ. ಬರ್ತೈತಿ ಅಂತ ನಾ ಮಾತು ಕೊಡಂಗಿಲ್ಲ. ದಿನಾ ಹಾಕ್ಕೋರಿ, ನೋಡೂಣು."

ಹೊರಗೆ ಬಂದು ವೀಳ್ಯದೆಲೆ ಕೊಳ್ಳಲು ಪೇಟೆಗೆ ಹೋದೆವು. ಸವಣೂರಿಗೆ ಹೋಗಿ ಎಲೆ ತಾರದೆ ಬಂದರೆ ಮನೆಯಲ್ಲಿ ಒಳಗೆ ಬಿಡುವುದಿಲ್ಲ. ಅಲ್ಲಿ ಒಬ್ಬ ಮುದುಕ ಅತ್ತರಿನ ವ್ಯಾಪಾರಿ ಅಣ್ಣನನ್ನು ಗುರುತು ಹಿಡಿದು ಕೂಗಿದ. ಅತ್ತರಿನ ಪೆಟ್ಟಿಗೆ ಇಟ್ಟುಕೊಂಡು ಅಣ್ಣನ ಬಸ್ಸಿನಲ್ಲಿ ಎಷ್ಟೋ ವರ್ಷ ಓಡಾಡಿದವನು. "ಅಕ್ಕಾರು ಬಂದಾರ, ಹಂಗ ಕಳಸಾಕ ಬರಂಗಿಲ್ಲ" ಎಂದು ಅಕ್ಕನ ಅಂಗೈ ಹಿಂಬದಿಗೆ ಅತ್ತರು ಸವರಿದ. ಅಕ್ಕ ಮೂಗಿನ ಹತ್ತಿರ ಹಿಡಿದು, "ಆಹಾ, ಛಲೋ ಮಲ್ಲಿಗಿ ಐತಿ" ಎಂದಳು. ಅದು ಲಾವಂಚ. ನನಗೆ ಎರಡು ಮಾರು ದೂರಕ್ಕೂ ಬರುತ್ತಿತ್ತು. ಮುದುಕ ನಗಲು ಬಾಯಿ ತೆರೆದವನು ನಮ್ಮ ಮುಖ ನೋಡಿ ತಡೆದುಕೊಂಡ. ಹತ್ತಿಯ ಎಸಳೊಂದನ್ನು ಅದರಲ್ಲಿ ಅದ್ದಿ, ಪುಟ್ಟ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. "ಇಟ್ಕೋರಿ ಅಕ್ಕಾ. ವಾಸನಿ ಭಾಳ ದಿನ ಇರ್ತೈತಿ. ಅವಸರ ಇಲ್ಲ." ಅಕ್ಕ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಬಸ್ ನಿಲ್ದಾಣದ ತನಕ ಅತ್ತರು ಸವರಿದ ಕೈಯನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು ನೋಡುತ್ತಾ ಬಂದಳು. ನನಗೆ ಅಳು ಬಂತು. ಅಲರ್ಜಿ ಇರುವವನಿಗೆ ಇದೊಂದು ಅನುಕೂಲ, ಕಣ್ಣು ಒರೆಸಿಕೊಂಡರೆ ಯಾರೂ ಯಾಕೆಂದು ಕೇಳುವುದಿಲ್ಲ.

ಅಂದಿನಿಂದ ಅಣ್ಣ ಮತ್ತೆ ಕಂಡಕ್ಟರ್ ಆದ. ಬೆಳಿಗ್ಗೆ ಚಹಾ ಕುಡಿಯುವ ಮುಂಚೆ ಇಬ್ಬರಿಗೂ ಒಟ್ಟಿಗೆ ಫೋನು. "ತಲಿ ಮುಂದ! ಎಡಕ್ಕ ಬಲಗೈ! ಮೆಲ್ಲಕ! ಏ, ಸರ್‍ರ್ ಅಂತು, ಕೇಳಿಸ್ತು ನನಗ! ಎಳೀಬ್ಯಾಡ!" ನಾವು ಮೂರು ಊರಿನಲ್ಲಿ ಮೂವರು ತಲೆ ಬಗ್ಗಿಸಿ ಅವನ ಆಜ್ಞೆಯಂತೆ ಒತ್ತಿಕೊಳ್ಳುತ್ತಿದ್ದೆವು. ಅಪ್ಪನಿಂದ ಕಲಿತದ್ದನ್ನು ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟವಾಯಿತು. ನನ್ನ ಹಳೆಯ ಬಾಟಲಿ ಬಿಟ್ಟ ಮೊದಲ ದಿನಗಳಲ್ಲಿ ಬಾಯಿಂದ ಉಸಿರಾಡುತ್ತಾ ಅಂಗಡಿಯಲ್ಲಿ ಕೂತಿದ್ದೆ. ರೈತರು ಸಾಹುಕಾರನಿಗೆ ಏನೋ ಆಗಿದೆ ಎಂದು ಕನಿಕರದಿಂದ ಮೆಲ್ಲಗೆ ಮಾತಾಡಿದರು. ಆಮೇಲೆ ಒಂದು ಬೆಳಿಗ್ಗೆ ಏನನ್ನೂ ಹಾಕದೆಯೇ ಮೂಗಿನಿಂದ ಉಸಿರು ಬಂತು. ನನಗೆ ಅಷ್ಟೇ ಸಾಕಾಗಿತ್ತು. ಅಕ್ಕನಿಗೆ ಸಾಕಾಗಿರಲಿಲ್ಲ. ಅವಳ ಮೂಗೂ ಬಿಟ್ಟಿತ್ತು, ಸೀನು ನಿಂತಿತ್ತು. ದಿನಾ ಕಾಗದ ಬಿಚ್ಚಿ ಹತ್ತಿಯ ಎಸಳನ್ನು ಮೂಸಿ ನೋಡಿ, "ಇಲ್ಲ" ಎನ್ನುತ್ತಿದ್ದಳು.

ಗಣಪತಿ ಹೋಗಿ, ಮಹಾನವಮಿ ಎದುರಿಗಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ಎತ್ತಿದರೆ ಅಕ್ಕ ಅಳುತ್ತಿದ್ದಾಳೆ. ಹಾನಗಲ್ಲಿನಲ್ಲಿ ಏನಾಯಿತೋ ಎಂದು ತೂಕದ ಯಂತ್ರವನ್ನು ಹಾಗೇ ಬಿಟ್ಟು ಹೊರಗೆ ಬಂದೆ.

"ತಮ್ಮಾ, ಉಳ್ಳಾಗಡ್ಡಿ ಕೊಳತೈತೋ!"

"ಯಾವ ಉಳ್ಳಾಗಡ್ಡಿ?"

"ಅಟ್ಟದ ಮ್ಯಾಲ, ಬುಟ್ಟ್ಯಾಗ! ಒಂದ ಕೊಳತೈತಿ. ನಾರಾಕತ್ತೈತಿ! ಒಳಗ ಬಂದ ಕೂಡ್ಲೇ ಬಡೀತು ನನಗ. ಯವ್ವಾ, ಏನ್ ನಾರತೈತೋ!"

ಒಂದು ಕೊಳೆತ ಈರುಳ್ಳಿಗಾಗಿ ಇಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಮನೆಯವರು ಎಸೆಯಲು ಹೋದರೆ ಬಿಡಲಿಲ್ಲವಂತೆ. ಸಂಜೆಯ ತನಕ ಕಟ್ಟೆಯ ಮೇಲೆ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಮೂಸಿ ತೋರಿಸಿದಳಂತೆ. ಮರುದಿನ ಅವಳ ಬಾಟಲಿಯ ಹೂವು, ಅದರ ಮರುದಿನ ಲಾವಂಚ. ಆ ವಾರ ಅಣ್ಣನಿಗೆ ಫೋನಿನಲ್ಲಿ ಕೂಗಲು ಅವಕಾಶವೇ ಸಿಗಲಿಲ್ಲ, ಕೂಗುವ ಕೆಲಸವನ್ನು ಅಕ್ಕನೇ ವಹಿಸಿಕೊಂಡಿದ್ದಳು.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಅವಳು ನಮ್ಮ ಮನೆಯ ಮುಂದೆ ಇಳಿದಾಗ ಒಂದು ಕೈಯಲ್ಲಿ ಬದನೆಕಾಯಿಯ ಚೀಲ, ಇನ್ನೊಂದರಲ್ಲಿ ಸ್ಪ್ರೇ. ಬೆಳಗಿನ ಜಾವಕ್ಕೆ ಎದ್ದು, ಮೊದಲು ತಲೆ ಬಗ್ಗಿಸಿ ಔಷಧ ಹಾಕಿಕೊಂಡು, ಆಮೇಲೆ ಒಲೆಗೆ ನಮಸ್ಕಾರ ಮಾಡಿ ಕೂತಳು. ಗುರೆಳ್ಳು ಬಾಣಲೆಗೆ ಬಿತ್ತು. ನಾನು, ಅಣ್ಣ, ಹೆಂಡತಿ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದೆವು. ಚಟಪಟ ಎಂದಿತು. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಆತು" ಎಂದು ಬಾಣಲೆ ಇಳಿಸಿಬಿಟ್ಟಳು. ಆ ವಾಸನೆ ಇಡೀ ಮನೆ ತುಂಬಿತು. ಅಣ್ಣ ಏನೋ ನೆಪ ಮಾಡಿ ಹಿತ್ತಲಿಗೆ ಹೋದ. ಎಣ್ಣೆಗಾಯಿ ಬೆಂದಾಗ ಅಕ್ಕ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೆಲ್ಲಗೆ ಉಸಿರೆಳೆದುಕೊಂಡು ಬಹಳ ಹೊತ್ತು ಹಾಗೆಯೇ ಇದ್ದಳು. "ಎಲ್ಲಾ ಬರೋಬ್ಬರಿ ಐತಿ" ಎಂದು ಮುಚ್ಚಿದಳು.

ಹೊಲದಲ್ಲಿ ಗೋವಿನಜೋಳ ತೆನೆ ತೂಗಿ ನಿಂತಿತ್ತು. ಅಣ್ಣ "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಚರಗ ಚೆಲ್ಲಿಕೊಂಡು ಬಂದ. ಆ ಕೂಗು ಕೆರೆಯ ಏರಿಯ ತನಕ ಹೋಗಿರಬೇಕು. ಎಲೆ ಹಾಸಿ ಕೂತೆವು. ಅಣ್ಣ ಮೊದಲು ಚಟ್ನಿಯನ್ನು ರೊಟ್ಟಿಗೆ ಹಚ್ಚಿ ಬಾಯಿಗಿಟ್ಟ. ಅಗಿಯುತ್ತಾ ಅಗಿಯುತ್ತಾ, ಅವನ ಜೀವನದಲ್ಲೇ ಅತಿ ಸಣ್ಣ ದನಿಯಲ್ಲಿ, "ಅವ್ವನ ಕೈ" ಎಂದ. ಅಕ್ಕ ತಲೆ ತಗ್ಗಿಸಿದಳು.

ನಾನು ಬದನೆಕಾಯಿ ತಿಂದೆ. ಉಪ್ಪಿರಲಿಲ್ಲ. ಕಡಿಮೆ ಎಂದಲ್ಲ, ಒಂದು ಹರಳೂ ಇರಲಿಲ್ಲ. ಹೆಂಡತಿಯ ಕಡೆ ನೋಡಿದೆ, ಅವಳು ಅಣ್ಣನ ಕಡೆ ನೋಡಿದಳು, ಅಣ್ಣ ಆಕಾಶದ ಕಡೆ ನೋಡುತ್ತಾ ಅಗಿಯುತ್ತಿದ್ದ. ಈ ದಿನ ಆ ಮಾತು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಅಕ್ಕನೇ ಒಂದು ತುತ್ತು ತಿಂದಳು. ಅವಳ ಕೈ ಎಲೆಯ ಮೇಲೆ ನಿಂತಿತು.

"ಅಯ್ಯ!"

ನನ್ನ ತಲೆಯೊಳಗೆ ಆಗ ಏನೋ ಹೊಳೆಯಿತು. ಮೂಗು ಸತ್ತ ವರ್ಷ ಗುರೆಳ್ಳು ಸೀದಿತ್ತು, ಉಪ್ಪು ಮಾತ್ರ ಸರಿಯಾಗಿತ್ತು. ಮೂಗು ಬಂದ ವರ್ಷ ಗುರೆಳ್ಳು ಹದವಾಗಿತ್ತು, ಉಪ್ಪೇ ಇಲ್ಲ. "ಅಕ್ಕಾ," ಎಂದೆ, "ಖರೇ ಹೇಳು. ನೀ ಇಷ್ಟ ವರ್ಷ ಉಪ್ಪು ಮೂಗಿಲೆ ನೋಡ್ತಿದ್ದೇನು?"

ಅವಳು ಮೊದಲು ಐದು ಪಾಂಡವರ ಕಡೆ ನೋಡಿದಳು, ಆಮೇಲೆ ನಮ್ಮ ಕಡೆ. "ಉಪ್ಪಿಗೆ ಎಲ್ಲಿ ವಾಸನಿ ಇರ್ತೈತಿ, ಹುಚ್ಚಪ್ಪಗೋಳ್ರಾ! ನಿಮ್ಮನ್ನ ಹೊರಗ ಕಳಿಸಿ ಚಮಚದ ತುದೀಲೆ ನೋಡ್ತಿದ್ದೆ. ಅವ್ವನೂ ಹಂಗ ಮಾಡ್ತಿದ್ಲು. ಅಕಿನ ಹೇಳಿಕೊಟ್ಟಿದ್ದು. ಯಾರಿಗೂ ಹೇಳಬ್ಯಾಡ ಅಂದಿದ್ಲು."

ಹೆಂಡತಿಯ ಕೈಯಿಂದ ರೊಟ್ಟಿ ಜಾರಿತು. ಅಣ್ಣ ಕೇಳಿದ: "ಮತ್ತ ಈ ಸರ್ತಿ ಯಾಕ ನೋಡ್ಲಿಲ್ಲ?"

"ಮುಚ್ಚಳ ತಗದೆ. ಬೆಳ್ಳುಳ್ಳಿ, ಕೊಬ್ಬರಿ, ಎಳ್ಳು, ಗುರೆಳ್ಳು, ಎಲ್ಲಾ ಒಮ್ಮೆಲೆ ಬಂದು ಬಡೀತು. ಎಷ್ಟು ದಿನಾ ಆಗಿತ್ತು ತಮ್ಮಾ! ವಾಸನಿ ತಗೋತ ಹಂಗ ಕುಂತೆ. ಉಪ್ಪು ಹಾಕೂದೂ ಮರತೆ, ರುಚಿ ನೋಡೂದೂ ಮರತೆ."

ಮೊದಲು ಅಣ್ಣ ನಕ್ಕ, ನಾನು ನಕ್ಕೆ, ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಮೂಗು ಎರಡನ್ನೂ ಒರೆಸಿಕೊಂಡಳು. ಉಪ್ಪು ತಂದಿರಲಿಲ್ಲ. ಚಟ್ನಿಯಲ್ಲಿ ಉಪ್ಪಿತ್ತು. ಬದನೆಕಾಯಿಯ ಮೇಲೆ ಗುರೆಳ್ಳು ಚಟ್ನಿ ಉದುರಿಸಿಕೊಂಡು ಪಾತ್ರೆ ತಳ ಕಾಣುವ ತನಕ ಉಂಡೆವು. ಅಂಥ ಎಣ್ಣೆಗಾಯಿಯನ್ನು ನಾನು ಎಂದೂ ತಿಂದಿಲ್ಲ.

"ಬರೂ ವರ್ಷ ಹೆಂಗಕ್ಕಾ?" ಅಣ್ಣ ಕೇಳಿದ. "ಮೂಗಿಲೋ, ಚಮಚಲೋ?"

ಅಕ್ಕ ಖಾಲಿ ಪಾತ್ರೆಯನ್ನು ಎತ್ತಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಡಾಕ್ಟರು ಕಲಿಸಿದ ಹಾಗೆ ಮೆಲ್ಲಗೆ ಮೂಸಿದಳು.

"ಮೊದಲ ಚಮಚಲೆ," ಎಂದಳು. "ಆಮ್ಯಾಲ ಮೂಗಿಲೆ, ನನ್ನ ಸಲುವಾಗಿ."